ಕವಾಟದ ರೋಗ ಮತ್ತು ಹಣೆಬರಹ

ಹೃದಯದ ಕವಾಟ ಕಿರಿದಾದರೂ ಸೋರಿದರೂ ಭಾರ ಬೀಳುವುದು ಸ್ನಾಯುವಿನ ಮೇಲೆ. ಇಳಿವಯಸ್ಸಿನಲ್ಲಿ ಕವಾಟಕ್ಕೆ ಸುಣ್ಣ ಕಟ್ಟುತ್ತದೆ; ಕೆಲವರಲ್ಲಿ ಮೂರು ಎಸಳಿರಬೇಕಾದ ಕವಾಟ ಹುಟ್ಟಿನಿಂದಲೇ ಎರಡೆಸಳಿನದು. ಮಿಶ್ರಿಕೋಟಿಯಂಥ ನಮ್ಮ ದೇಶದ ಹಳ್ಳಿಗಳಲ್ಲಿ ಹರೆಯದವರನ್ನು ಹೆಚ್ಚಾಗಿ ಕೆಡಿಸುವುದು ಬಾಲ್ಯದ ರುಮ್ಯಾಟಿಕ್ ಜ್ವರ. ಮನೆಮಂದಿ ಅದನ್ನು ಹಣೆಬರಹ ಎನ್ನುತ್ತಾರೆ.

ಆ ಬರಹ ಶುರುವಾಗುವುದು ಗಂಟಲಿನಲ್ಲಿ. 5ರಿಂದ 15 ವರ್ಷದೊಳಗಿನ ಮಗುವಿಗೆ ಸ್ಟ್ರೆಪ್ಟೊಕಾಕಸ್ ರೋಗಾಣುವಿನಿಂದ ಗಂಟಲು ನೋವು ಬಂದು, ತಾನೇ ಇಳಿಯುತ್ತದೆ. ಎರಡು ಮೂರು ವಾರದ ಮೇಲೆ ಜ್ವರ, ಕೀಲುಬಾವು. ರೋಗಾಣುವಿನ ಮೇಲೆ ಎದ್ದ ಪ್ರತಿಕಾಯಗಳು ಸ್ವಂತ ಕವಾಟದ ಮೇಲೂ ಎರಗುತ್ತವೆ. ಎಸಳು ದಪ್ಪಗಾಗಿ ಅಂಚುಗಳು ಅಂಟಿಕೊಳ್ಳುತ್ತವೆ. 4ರಿಂದ 6 ಚದರ ಸೆಂಟಿಮೀಟರ್ ಇರಬೇಕಾದ ಮೈಟ್ರಲ್ ಕವಾಟದ ಬಾಯಿ ವರ್ಷಗಳು ಕಳೆದಂತೆ 1.5ಕ್ಕಿಂತ ಕಿರಿದಾಗುವುದುಂಟು. ಆಮೇಲೆ ಏದುಸಿರು, ಲಯ ತಪ್ಪಿದ ಬಡಿತ. ಹೆಪ್ಪುಗಟ್ಟಿದ ರಕ್ತ ಮಿದುಳಿಗೇರಿದರೆ ಲಕ್ವ. ಹಾಳಾದ ಕವಾಟಕ್ಕೆ ಸೋಂಕೂ ಬೇಗ ತಗಲುತ್ತದೆ. ಎಷ್ಟೋ ಹೆಣ್ಣುಮಕ್ಕಳಲ್ಲಿ ರೋಗ ಬಯಲಾಗುವುದು ಬಸಿರಾದಾಗ, ಮೈಯಲ್ಲಿ ರಕ್ತ ಹೆಚ್ಚಿದ ಮೇಲೆ.

ಒಂದೇ ಸೂರಿನಡಿ ಒಂದೇ ಸೋಂಕು ತಗುಲಿದ ಅಕ್ಕತಮ್ಮಂದಿರಲ್ಲಿ ಒಬ್ಬರಿಗೇ ಯಾಕೆ? ಅನುವಂಶೀಯತೆ ಅರ್ಧ ಉತ್ತರ ಕೊಡುತ್ತದೆ; ಉಳಿದರ್ಧದ ಜಾಗದಲ್ಲಿ ಕರ್ಮ ಬಂದು ಕೂರುತ್ತದೆ. ಕರ್ಮವನ್ನು ಪೂರ್ತಿ ನಂಬಿದ ಚರಕಸಂಹಿತೆ ಮಾತ್ರ ಅಲ್ಲಿಗೇ ಕೈಚೆಲ್ಲುವುದಿಲ್ಲ. ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಹಿಂದಿನ ಜನ್ಮದ ಕರ್ಮ ದೈವ, ಈ ಜನ್ಮದ್ದು ಪುರುಷಕಾರ. ಬಲವಾದದ್ದು ದುರ್ಬಲವಾದದ್ದನ್ನು ಮಣಿಸುತ್ತದೆ. ಆಯುಷ್ಯವೆಲ್ಲ ಮೊದಲೇ ನಿಗದಿಯಾಗಿದ್ದರೆ ಔಷಧವೇಕೆ, ಮದವೇರಿದ ಆನೆಯನ್ನು ಕಂಡು ಓಡುವುದೇಕೆ ಎಂಬುದು ಅಲ್ಲಿನ ವಾದ.

ಕವಾಟದ ರೋಗದಲ್ಲಿ ಪುರುಷಕಾರಕ್ಕೆ ಜಾಗ ಧಾರಾಳವಾಗಿದೆ. ಗಂಟಲು ನೋವು ಬಂದ 9 ದಿನದೊಳಗೆ ಪೆನ್ಸಿಲಿನ್ ಸಿಕ್ಕರೆ ಜ್ವರವನ್ನು ಬಹುಮಟ್ಟಿಗೆ ತಡೆಯಬಹುದು. ಜ್ವರ ಒಮ್ಮೆ ಬಂದವರಿಗೆ ಮೂರು ನಾಲ್ಕು ವಾರಕ್ಕೊಂದು ಇಂಜೆಕ್ಷನ್, ವರ್ಷಗಟ್ಟಲೆ. ಅದು ತಪ್ಪಿದರೆ ಯಾರ ತಪ್ಪು? ಮಗುವಿನದಂತೂ ಅಲ್ಲ, ಕೂಲಿ ಬಿಟ್ಟು ಹುಬ್ಬಳ್ಳಿ ಬಸ್ ಹತ್ತಬೇಕಾದ ತಾಯಿಯದೆನ್ನುವುದೂ ಅನ್ಯಾಯ. ಯುರೋಪಿನಲ್ಲಿ ಪೆನ್ಸಿಲಿನ್ ಬರುವ ಮೊದಲೇ, ಮನೆಗಳ ಇಕ್ಕಟ್ಟು ಕಡಿಮೆಯಾದಂತೆಲ್ಲ ಈ ಜ್ವರ ಇಳಿಯತೊಡಗಿತ್ತು. ಅಲ್ಲಿಯವರ ಪೂರ್ವಕರ್ಮವೆಲ್ಲ ಒಟ್ಟಿಗೇ ಸವೆಯಿತು ಎನ್ನಲು ಬರುವುದಿಲ್ಲ. ಊರಿಗೆ ಊರೇ ನರಳುವ ಪಿಡುಗಿನ ಹೊಣೆಯನ್ನು ಚರಕದ ಅದೇ ಅಧ್ಯಾಯ ಆಳುವವರ ಅಧರ್ಮದಿಂದಲೇ ಎಣಿಸತೊಡಗುತ್ತದೆ. ಹಣೆಬರಹದ ಮಾತಾಡುವವರು ಈ ಭಾಗವನ್ನು ನೆನೆಯುವುದು ಕಡಿಮೆ.

ಕವಾಟ ಬದಲಿಸಿದ ಮೇಲೂ ಪ್ರಯತ್ನ ಮುಗಿಯದು. 1990ರಲ್ಲಿ ಮೊದಲು ಅಳವಡಿಸಿದ ತಿರುವನಂತಪುರದ ಚಿತ್ರಾ ಕವಾಟವಾಗಲಿ, ಬೇರೆ ಯಾಂತ್ರಿಕ ಕವಾಟವಾಗಲಿ, ರಕ್ತ ಹೆಪ್ಪುಗಟ್ಟದಂತೆ ಬದುಕಿಡೀ ಗುಳಿಗೆ ನುಂಗಬೇಕು, ಆಗಾಗ ರಕ್ತಪರೀಕ್ಷೆ ಮಾಡಿಸಬೇಕು. ಸೊಪ್ಪಿನಲ್ಲಿರುವ ಕೆ ಜೀವಸತ್ವ ಆ ಗುಳಿಗೆಯ ಬಲ ತಗ್ಗಿಸುತ್ತದೆ. ರೊಟ್ಟಿಯ ಜೊತೆಗಿನ ಮೆಂತೆಪಲ್ಯ ಬಿಡಬೇಕಿಲ್ಲ, ಒಂದು ವಾರ ತುಸು, ಇನ್ನೊಂದು ವಾರ ರಾಶಿ ಆಗಬಾರದು.