ರೀಲೋಡ್ ಬೇರೆ, ಪಶ್ಚಾತ್ತಾಪ ಬೇರೆ



ಹೋದ ವಾರ ಯೂತ್ ಮೀಟಿಂಗ್ ಮುಗಿದ ಮೇಲೆ ಒಬ್ಬ ತಮ್ಮ ಮೆಲ್ಲಗೆ ಬಂದು ಕೇಳಿದ: "ಪಾಸ್ಟರ್, ಗೇಮ್‌ನಲ್ಲಿ ಕೆಟ್ಟವನ ಪಾತ್ರ ಆಡಿದ್ರೆ ಪಾಪಾನಾ?" ನಾನು ತಕ್ಷಣ ಉತ್ತರ ಕೊಡಲಿಲ್ಲ. ಯಾಕಂದ್ರೆ ನಾನೂ ಆಡಿದವನೇ.

2008ರಲ್ಲಿ ಬಂದ ಫಾಲ್‌ಔಟ್ 3. ಕಾಲೇಜು ದಿನಗಳಲ್ಲಿ ಪಿಜಿ ರೂಮ್‌ಮೇಟ್ ಕಂಪ್ಯೂಟರ್‌ನಲ್ಲಿ ಆಡ್ತಿದ್ದೆ. ಅದು ಒರಿಜಿನಲ್ ಕಾಪಿ ಅಲ್ಲ, ಅದಕ್ಕೆ ಬೇರೆ ಪಶ್ಚಾತ್ತಾಪ ಆಗಿದೆ! ಅಣುಯುದ್ಧ ಆದ ಮೇಲಿನ ಅಮೆರಿಕದ ಕಥೆ. ಮೆಗಾಟನ್ ಅಂತ ಒಂದು ಊರು, ಊರಿನ ನಡುವೆ ಸಿಡಿಯದೆ ಉಳಿದ ಅಣುಬಾಂಬ್. ಅದನ್ನ ನಾವು ನಿಷ್ಕ್ರಿಯ ಮಾಡಬಹುದು. ಇಲ್ಲಾಂದ್ರೆ ಒಬ್ಬನ ಹತ್ರ ದುಡ್ಡು ತಗೊಂಡು ಇಡೀ ಊರನ್ನೇ ಸಿಡಿಸಬಹುದು. ನಾನು ಮೊದಲು ಗೇಮ್ ಸೇವ್ ಮಾಡ್ಕೊಂಡೆ. ಆಮೇಲೆ ದೂರದ ಕಟ್ಟಡದ ಬಾಲ್ಕನಿಯಲ್ಲಿ ನಿಂತು ಬಟನ್ ಒತ್ತಿದೆ. ಊರು ಉರಿಯೋದನ್ನ ನೋಡಿದೆ. ರೀಲೋಡ್ ಮಾಡಿದೆ. ಊರು ಮತ್ತೆ ಅಲ್ಲೇ ಇತ್ತು, ನಾನು ಮತ್ತೆ ಒಳ್ಳೆಯವನು.

ಇದು ಪಾಪಾನಾ? ಗುಡ್ ಫ್ರೈಡೇ ಸ್ಕಿಟ್‌ನಲ್ಲಿ ಯಾರಾದ್ರೂ ಯೂದನ ಪಾತ್ರ ಮಾಡಲೇಬೇಕು. ಮಾಡಿದವನು ದ್ರೋಹಿ ಆಗಲ್ಲ. ಆದರೆ ಕ್ರೂರತನ ನಿಮಗೆ ರುಚಿ ಹತ್ತಿದೆ ಅಂತ ಗೊತ್ತಾದ ದಿನ ನಿಲ್ಲಿಸಿಬಿಡಿ. ನನ್ನನ್ನ ಚುಚ್ಚಿದ್ದು ಮಾತ್ರ ಆ ಬಾಂಬ್ ಅಲ್ಲ, ರೀಲೋಡ್.

ಕೆಲವು ವರ್ಷಗಳ ಹಿಂದೆ ನನ್ನ ತಮ್ಮನಿಗೆ ಕೆಲಸ ಇರಲಿಲ್ಲ. ನೆಂಟರ ಮುಂದೆ ಅವನನ್ನ "ದಂಡಪಿಂಡ" ಅಂದುಬಿಟ್ಟೆ. ರಾತ್ರಿ ಮೊಣಕಾಲೂರಿ, 1 ಯೋಹಾನ 1:9 ಹಿಡ್ಕೊಂಡು, ಕಣ್ಣೀರಿಟ್ಟು ಪ್ರಾರ್ಥಿಸಿದೆ. ಮನಸ್ಸು ಹಗುರ ಆಯ್ತು. ಬೆಳಗ್ಗೆ ಏನೂ ಆಗದವನ ಹಾಗೆ "ಕಾಫಿ ಆಯ್ತೇನೋ?" ಅಂದೆ. ಅವನು ಹೇಳಿದ: "ದೇವರ ಹತ್ರ ಕ್ಷಮೆ ಕೇಳಿದ್ದು ಪಕ್ಕದ ರೂಮಿಗೂ ಕೇಳಿಸ್ತು ಅಣ್ಣ. ನನ್ನ ಹತ್ರ ಕೇಳ್ಲೇ ಇಲ್ಲ."

ಪ್ರಿಯರೇ, ಪ್ರಾರ್ಥನೆಯನ್ನ ನಾನು ರೀಲೋಡ್ ಬಟನ್ ಮಾಡ್ಕೊಂಡಿದ್ದೆ.

ಆ ಗೇಮ್‌ನಲ್ಲಿ ಇನ್ನೊಂದು ದಾರಿನೂ ಇದೆ. ಊರು ಸಿಡಿಸಿದವನ ಕರ್ಮ ಪಾಯಿಂಟ್ ಪಾತಾಳಕ್ಕೆ ಇಳಿಯತ್ತೆ. ಆದರೆ ಬೇರೆಲ್ಲೋ ಬಾಯಾರಿ ಕೂತ ಭಿಕ್ಷುಕನಿಗೆ ಶುದ್ಧ ನೀರು ಕೊಡ್ತಾ ಹೋದರೆ ಮತ್ತೆ ಏರತ್ತೆ. ಸತ್ತ ಊರಿಗೂ ಆ ನೀರಿಗೂ ಏನು ಸಂಬಂಧ? ನಾವೂ ಹಾಗೇ. ನೋಯಿಸಿದ್ದು ಮನೆಯವರನ್ನ, ಭಾನುವಾರ ಜಾಸ್ತಿ ಹಾಕೋದು ಕಾಣಿಕೆ ಚೀಲಕ್ಕೆ.

ಮತ್ತಾಯ 5:23-24 ತೆಗೆದು ನೋಡಿ. ಕಾಣಿಕೆಯನ್ನ ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಸಹೋದರನ ಹತ್ರ ಹೋಗಬೇಕು ಅಂತಾರೆ ಯೇಸುಸ್ವಾಮಿ. ಲೂಕ 19ರಲ್ಲಿ ಜಕ್ಕಾಯ ಬಡವರಿಗೆ ಅರ್ಧ ಆಸ್ತಿ ಕೊಡ್ತೀನಿ ಅಂದ. ಅಲ್ಲಿಗೇ ನಿಲ್ಲಿಸಲಿಲ್ಲ. ಮೋಸ ಮಾಡಿದವರಿಗೇ ನಾಲ್ಕರಷ್ಟು ಹಿಂದಕ್ಕೆ ಕೊಡ್ತೀನಿ ಅಂದ. ಗಮನಿಸಿ, ಯೇಸು ಅವನ ಹತ್ರ ಬಂದದ್ದು ಮೊದಲು, ಲೆಕ್ಕದ ಮಾತು ಆಮೇಲೆ. ಅವನು ಕೃಪೆಯನ್ನ ಕೊಂಡುಕೊಳ್ಳಲಿಲ್ಲ. ಕೃಪೆ ಸಿಕ್ಕಿದ್ದಕ್ಕೇ, ನೋಯಿಸಿದವರ ಮುಖ ನೋಡೋ ಧೈರ್ಯ ಬಂತು.

ಆವತ್ತೇ ತಮ್ಮನ ಹತ್ರ ಕ್ಷಮೆ ಕೇಳಿದೆ. ಅವನು ಮೊದಲಿನ ಹಾಗೆ ನಗೋಕೆ ತಿಂಗಳುಗಳೇ ಹಿಡಿದವು. ದೇವರು ಆ ರಾತ್ರಿಯೇ ಕ್ಷಮಿಸಿದರು ಅಂತ ನಂಬ್ತೀನಿ. ಆದರೆ ತಮ್ಮನ ಗಾಯ ಆರೋವರೆಗೂ ನಾನು ಕಾಯಲೇಬೇಕಿತ್ತು. ಕಾಯೋದೂ ಪಶ್ಚಾತ್ತಾಪದ ಭಾಗವೇ.

ಈ ವಾರ ನೀವು ಯಾವ ಪಾತ್ರ ಆಡಿದ್ರಿ ಅಂತ ನಾನು ಕೇಳಲ್ಲ. ಯಾರಿಗೆ ಫೋನ್ ಮಾಡಬೇಕಿದೆ, ಅದನ್ನ ಯೋಚಿಸಿ. ಮೆಸೇಜ್ ಬೇಡ, ಫೋನ್ ಮಾಡಿ. ಕರ್ತನು ನಿಮಗೆ ಧೈರ್ಯ ಕೊಡಲಿ. ಆಮೆನ್.