ಹಾಗಾರಳನ್ನು ಕಂಡ ಕಣ್ಣು

ಹಳೆಯ ಸ್ಮಾರ್ಟ್‌ಫೋನ್‌ಗೆ ಉಚಿತ ಆ್ಯಪ್ ಹಾಕಿ, ವೈಫೈಗೆ ಜೋಡಿಸಿ, ಚಾರ್ಜರಿಗೆ ಸಿಕ್ಕಿಸಿಟ್ಟರೆ ಕಾವಲು ಕ್ಯಾಮೆರಾ ಸಿದ್ಧ. (ಕರೆಂಟು ಹೋದರೆ ವೈಫೈಯೂ ಹೋಗುತ್ತದೆ, ಅದು ಬೇರೆ ಮಾತು.) ಬಾಗಿಲ ಬಳಿ ಅದನ್ನಿಡುವುದು ವಿವೇಕವೇ, ಒಂಟಿಯಾಗಿರುವ ವೃದ್ಧರಿಗೆ ಧೈರ್ಯ. ಆದರೆ ಅದು ಪಕ್ಕದ ಮನೆಯ ಬಟ್ಟೆ ಒಗೆಯುವ ಕಲ್ಲಿನತ್ತ ತಿರುಗಿದರೆ? ಕೆಲಸದಾಕೆಗೆ ತಿಳಿಸದೆ ಅಡುಗೆಮನೆಯ ಕಪಾಟಿನ ಮೇಲೆ ಕುಳಿತರೆ? ಒಂದು ಚಮಚವೂ ಕಳುವಾಗದಿದ್ದರೂ ಅಂದಿನಿಂದ ಆಕೆ ನಮ್ಮ ಲೆಕ್ಕದಲ್ಲಿ ಕಳ್ಳಿ.

ಆದಿಕಾಂಡದ 16ನೇ ಅಧ್ಯಾಯವನ್ನು ತೆರೆದು ನೋಡಿ. ಯಜಮಾನಿಯ ಕಾಟ ತಾಳದೆ ಮರುಭೂಮಿಗೆ ಓಡಿದ ದಾಸಿ ಹಾಗಾರಳು, ದೇವರನ್ನು ತನ್ನನ್ನು ನೋಡುವಾತನೆಂದು ಕರೆಯುತ್ತಾಳೆ. ದೇವರು ಕಂಡದ್ದು ಅವಳ ಸಂಕಟವನ್ನು. ನಮ್ಮ ಕ್ಯಾಮೆರಾ ಏನನ್ನು ಹುಡುಕುತ್ತಿದೆ?

ಒಳಗೆ ಇಡಲೇಬೇಕೆಂದಿದ್ದರೆ, ‘ಇಲ್ಲಿ ಕ್ಯಾಮೆರಾ ಇದೆಯಮ್ಮಾ’ ಎಂದು ಆಕೆಗೆ ಮೊದಲೇ ತೋರಿಸಿ. ಹಾಗೆ ಹೇಳಲು ನಾಲಿಗೆ ತಡವರಿಸಿದರೆ ಅದನ್ನು ಬಾಗಿಲ ಬಳಿಯೇ ಬಿಡಿ.