ಹಳೆಯ ಪೆಟ್ಟಿಗೆ ಮತ್ತು ಅಪರಿಗ್ರಹ

ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆಯಲ್ಲಿ ಹಿಂದೆ ಟಿ.ವಿ.ಯ ಚಿತ್ರನಳಿಕೆಗಳು ತಯಾರಾಗುತ್ತಿದ್ದವು. ಸಮೀಪದ ಯಶವಂತಪುರದಲ್ಲಿ ಅಗಲಪರದೆಯ ಟಿ.ವಿ.ಗಿಂತ ಹಳೆಯ ನಳಿಕೆಯ ಪೆಟ್ಟಿಗೆಯೇ ಲೇಸೆನ್ನುವ ಹಿರಿಯರುಂಟು. 4:3 ಪ್ರಮಾಣದ ಹಳೆಯ ಚಿತ್ರವನ್ನು 16:9 ಪರದೆಗೆ ಹಿಗ್ಗಿಸಿದರೆ ಮುಖಗಳು ಊದಿಕೊಂಡಂತೆ ಕಾಣುತ್ತವೆ, ಆಕ್ಷೇಪಣೆ ನ್ಯಾಯವಾದುದೇ. ಆದರೆ ಹೊಸದನ್ನು ಕೊಳ್ಳದಿರುವುದೇ ಅಪರಿಗ್ರಹವೆಂದರೆ ವಿಚಾರಿಸಬೇಕಾಗುತ್ತದೆ. ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ವಸ್ತುವಿನಲ್ಲಲ್ಲ, ಮೂರ್ಛೆಯಲ್ಲಿ, ಎಂದರೆ ಮಮತೆಯಲ್ಲಿ ಗುರುತಿಸಿದೆ. ಹಳತಿನ ಮೇಲಣ ಮೋಹವೂ ಮೂರ್ಛೆಯೇ.

ಆದರೂ ನಡೆಯುವ ಪೆಟ್ಟಿಗೆಯನ್ನು ಹೊರಹಾಕದಿರಲು ಬಲವಾದ ಕಾರಣವೊಂದಿದೆ. ಬಣ್ಣದ ಟಿ.ವಿ.ಯ ನಳಿಕೆಯ ಗಾಜಿನಲ್ಲಿ ಸೀಸವಿರುತ್ತದೆ. ಬಯಲಿನಲ್ಲಿ ಒಡೆದರೆ ಅದು ಮಣ್ಣು, ನೀರುಗಳನ್ನು ಸೇರಿ ಜೀವಿಗಳನ್ನು ಬಾಧಿಸುತ್ತದೆ. ಒಡೆದವನು ಗುಜರಿಯವನಾದರೂ, ನಾಲ್ಕು ಕಾಸಿಗೆ ಮಾರಿದ ಗೃಹಸ್ಥನಿಗೆ ಕಾರಿತದ ದೋಷ ತಪ್ಪೀತೆ? ಕೆಟ್ಟ ಪೆಟ್ಟಿಗೆಯನ್ನು ಅಟ್ಟದಲ್ಲಿ ಕೂಡಿಡದೆ, 2022ರ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಸಂಸ್ಕರಣಕಾರರಿಗೆ ಒಪ್ಪಿಸಬೇಕು. ಹಣ ಕಡಮೆ ಬಂದೀತು.